ಪಾಳು ನೆಲೆಗಳ ಛಾಯಾಗ್ರಹಣ

ಜನ ಬಿಟ್ಟುಹೋದ ಕಟ್ಟಡ, ಮುಚ್ಚಿದ ಗಿರಣಿ, ನಿಂತುಹೋದ ಗಣಿ, ಒಕ್ಕಲೆದ್ದ ಊರು ಇವುಗಳನ್ನು ಇದ್ದ ಸ್ಥಿತಿಯಲ್ಲೇ ದಾಖಲಿಸುವ ಛಾಯಾಗ್ರಹಣ ಪ್ರಕಾರ. ಕಳೆದ ಕೆಲವು ದಶಕಗಳಲ್ಲಿ ಇದು ಜಗತ್ತಿನಾದ್ಯಂತ ಹವ್ಯಾಸವಾಗಿ ಹಬ್ಬಿದೆ. ಆದರೆ ಪಶ್ಚಿಮ ಭಾರತದಲ್ಲಿ ಇದು ಶುರುವಾದದ್ದು ಸರ್ಕಾರಿ ಕೆಲಸವಾಗಿ.

1855ರಲ್ಲಿ ಮುಂಬಯಿ ಸರ್ಕಾರ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನು ಮೊದಲು ಬಂದದ್ದು ಬಿಜಾಪುರ, ಬಾದಾಮಿ, ಐಹೊಳೆಗಳಿಗೆ. ಸುಮಾರು ಹತ್ತು ವರ್ಷಗಳ ನಂತರ ಅವನೇ ತೆಗೆದ ಅಹಮದಾಬಾದಿನ ಮಸೀದಿ, ಗೋರಿ, ಬಾವಿಗಳ ಚಿತ್ರಗಳು ಹೋಪ್ ಮತ್ತು ಫರ್ಗುಸನ್ನರ ಬರಹದೊಂದಿಗೆ 1866ರಲ್ಲಿ ಪುಸ್ತಕವಾದವು. ಈ ನಡುವೆ, 1856ರಲ್ಲಿ, ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಜೋಡಿಸಿಟ್ಟು ನೋಡಿದರೆ ಏನು ಬಿತ್ತು, ಏನನ್ನು ರಿಪೇರಿ ಮಾಡಿದರು ಎಂಬುದು ಗೊತ್ತಾಗುತ್ತದೆ. ಈ ಪ್ರಕಾರದಿಂದ ಸಿಕ್ಕಿರುವ ಬಹುದೊಡ್ಡ ಪ್ರಯೋಜನ ಇದೇ. ಉಳಿದದ್ದರಲ್ಲಿ ಬಹುಪಾಲು ಬರಿಯ ಅಂದ.

ಅಹಮದಾಬಾದಿನಲ್ಲಿ ಇಂದು ಪಾಳು ಎಂದರೆ ಮೊದಲು ನೆನಪಾಗುವುದು ಬಟ್ಟೆ ಗಿರಣಿ. ರಣಛೋಡಲಾಲ್ ಛೋಟಾಲಾಲರ ಮೊದಲ ಗಿರಣಿ 1861ರಲ್ಲಿ ನೂಲು ತೆಗೆಯಿತು. ಮಣಿನಗರದ ಆಸುಪಾಸಿನ ಖೋಖ್ರಾ, ಗೋಮತಿಪುರ, ರಖಿಯಾಲ್‌ಗಳನ್ನೊಳಗೊಂಡ ಪೂರ್ವ ಭಾಗ ಗಿರಣಿ ಕಾರ್ಮಿಕರ ನೆಲೆಯಾಗಿ ಬೆಳೆಯಿತು. 1980 ಮತ್ತು 90ರ ದಶಕಗಳಲ್ಲಿ ಗಿರಣಿಗಳು ಒಂದರ ಹಿಂದೊಂದು ಮುಚ್ಚಿ ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಯಂತ್ರಗಳು ಗುಜರಿಗೆ ಹೋದವು. ಹಲವೆಡೆ ಚಿಮಣಿಯೊಂದೇ ಉಳಿದು ಸುತ್ತ ಹೊಸ ಕಟ್ಟಡಗಳು ಎದ್ದಿವೆ. ನೇಯ್ಗೆಗೆ ನೆರಳು ಬೀಳದ ಸಮಬೆಳಕು ಬೇಕಾದ್ದರಿಂದ ಗಿರಣಿಗಳ ಮಾಡನ್ನು ಗರಗಸದ ಹಲ್ಲಿನಂತೆ ಏರಿಳಿಸಿ, ಉತ್ತರದ ಕಡೆಗೆ ಗಾಜು ಹಾಕುತ್ತಿದ್ದರು. ಮಗ್ಗಕ್ಕೆಂದು ತಂದ ಆ ಬೆಳಕೇ ಈಗ ಛಾಯಾಗ್ರಾಹಕರಿಗೆ ಒದಗುತ್ತದೆ. ಗಾಜು ಒಡೆದ ಮೇಲೆ ಮಳೆ ಒಳಬರುತ್ತದೆ, ಗೋಡೆಯ ಸಂದಿಯಲ್ಲಿ ಅರಳಿಯ ಬೇರು ಇಳಿಯುತ್ತದೆ. ಚಿತ್ರ ಚೆಲುವಾಗುವುದೂ ಕಟ್ಟಡ ಕುಸಿಯುವುದೂ ಒಂದೇ ಕಾರಣಕ್ಕೆ.

ಖಾಲಿ ಶೆಡ್ಡನ್ನಷ್ಟೇ ತೋರಿಸುವ ಚಿತ್ರ ಅರ್ಧ ಕಥೆ. ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಅವರೊಂದಿಗೆ ಛಾಯಾಗ್ರಾಹಕ ಪಾರ್ಥಿವ್ ಶಾ 2004ರಲ್ಲಿ ತಂದ ‘ವರ್ಕಿಂಗ್ ಇನ್ ದ ಮಿಲ್ ನೋ ಮೋರ್’ ಕೆಲಸ ಹೋದ ಕಾರ್ಮಿಕರನ್ನೇ ನಡುವೆ ನಿಲ್ಲಿಸಿತು. ಅಹಮದಾಬಾದಿನ ಮಟ್ಟಿಗೆ ಈ ವಿಷಯದ ಮುಖ್ಯ ಕೃತಿ ಅದು.

ಗಿರಣಿಗಳ ಜೊತೆಗೇ ಹೇಳಬೇಕಾದದ್ದು ಕ್ಯಾಲಿಕೊ ಗುಮ್ಮಟ. ಗೌತಮ್ ಮತ್ತು ಗಿರಾ ಸಾರಾಭಾಯಿ 1960ರ ದಶಕದ ಆರಂಭದಲ್ಲಿ ರಿಲೀಫ್ ರಸ್ತೆಯಲ್ಲಿ ಕಟ್ಟಿಸಿದ ಕ್ಯಾಲಿಕೊ ಗಿರಣಿಯ ಈ ಅಂಗಡಿ ಬಕ್‌ಮಿನ್‌ಸ್ಟರ್ ಫುಲ್ಲರನ ಜಿಯೋಡೆಸಿಕ್ (ತ್ರಿಕೋನಗಳ ಜಾಲದ) ಮಾದರಿಯದು. ಗಿರಣಿ ಮುಚ್ಚಿ ಆರೈಕೆ ತಪ್ಪಿದ್ದ ಅದರ ನಡುಭಾಗ 2001ರ ಭೂಕಂಪದಲ್ಲಿ ಕುಸಿಯಿತು. ವಡೋದರಾದ ಅಲೆಂಬಿಕ್ ಕಂಪನಿಯ ಹಳೆಯ ಕಾರ್ಖಾನೆಗಳ ದಾರಿ ಬೇರೆ. ಅವುಗಳಲ್ಲಿ ಕೆಲವು ಕಲಾವಿದರ ಸ್ಟುಡಿಯೊಗಳಾದವು.

ಕರ್ನಾಟಕದಲ್ಲಿ ಕ್ಯಾಮೆರಾಗಳು ಹುಡುಕಿಕೊಂಡು ಹೋಗುವ ಎರಡು ತಾಣಗಳು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಮತ್ತು ಕೋಲಾರದ ಚಿನ್ನದ ಗಣಿ (ಕೆಜಿಎಫ್). ಶೆಟ್ಟಿಹಳ್ಳಿಯ ಚರ್ಚು ಹೇಮಾವತಿ ಜಲಾಶಯ ತುಂಬಿದಾಗ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಅದರೊಳಗೆ ನಡೆದಾಡಬಹುದು. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಕೋಲಾರದ ಗಣಿ 2001ರ ಫೆಬ್ರವರಿ 28ರಂದು ನಿಂತಿತು. ಸುರಂಗಗಳಲ್ಲಿ ನೀರು ತುಂಬಿರುವುದರಿಂದ ಚಿತ್ರಕ್ಕೆ ಸಿಗುವುದು ಮೇಲಿನ ಕಬ್ಬಿಣದ ಗೋಪುರ, ಬಂಗಲೆ, ಸೈನೈಡ್ ದಿಬ್ಬಗಳು ಮಾತ್ರ. ಕಾರ್ಮಿಕರ ಕಾಲೊನಿಗಳಲ್ಲಿ ಸಂಸಾರಗಳು ಇನ್ನೂ ಇವೆ, ಆದರೆ ಕೆಜಿಎಫ್ ಅನ್ನು ಪಾಳೂರೆಂದು ತೋರಿಸುವ ಚಿತ್ರಗಳಲ್ಲಿ ಅವು ಚೌಕಟ್ಟಿನಾಚೆಗೇ ಉಳಿಯುತ್ತವೆ.

ಇಂಥ ಬಿಟ್ಟುಬಿಡುವಿಕೆಗಿಂತ ದೊಡ್ಡ ಅಪಚಾರವೆಂದರೆ ದೃಶ್ಯವನ್ನು ಹೊಂದಿಸುವುದು. 1858ರಲ್ಲಿ ಲಖನೌದ ಸಿಕಂದರ್ ಬಾಗಿನ ಪಾಳುಗೋಡೆಗಳ ಮುಂದೆ ಫೆಲಿಸ್ ಬಿಯಾಟೊ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಸಿಪಾಯಿ ದಂಗೆಯಲ್ಲಿ ಸತ್ತವರ ಮೂಳೆಗಳನ್ನು ಬೇಕೆಂದೇ ಹರಡಲಾಗಿತ್ತು ಎಂಬುದು ಇತಿಹಾಸಕಾರರಲ್ಲಿ ಬಲವಾಗಿರುವ ಅಭಿಪ್ರಾಯ.

ಪಾಳು ಕಟ್ಟಡಗಳಲ್ಲಿ ಕತ್ತಲ ಕೋಣೆಗೂ ಬೆಳಗುವ ಕಿಟಕಿಗೂ ಬೆಳಕಿನ ಅಂತರ ಹೆಚ್ಚಿರುವುದರಿಂದ ಟ್ರೈಪಾಡಿನ ಮೇಲೆ ಬೇರೆ ಬೇರೆ ಎಕ್ಸ್‌ಪೋಶರ್‌ಗಳಲ್ಲಿ ತೆಗೆದು ಒಂದುಗೂಡಿಸುವುದು ರೂಢಿ. ಅತಿಯಾದರೆ ತುಕ್ಕು ಕೂಡ ಬಣ್ಣ ಬಳಿದಂತೆ ಕಾಣುತ್ತದೆ. ಕೊಳೆತ ಮಹಡಿ, ತುಕ್ಕು ಹಿಡಿದ ಮೆಟ್ಟಿಲು, ಆಸ್ಬೆಸ್ಟಾಸ್ ಧೂಳು, ಹಾವು, ಬಾವಲಿಯ ಹಿಕ್ಕೆ ಇವೆಲ್ಲ ನಿಜವಾದ ಅಪಾಯಗಳು. ಪಾಳುಬಿದ್ದ ಗಿರಣಿಗೂ ಒಡೆಯರಿರುತ್ತಾರೆ. ಅಪರಾಧದ ಉದ್ದೇಶದಿಂದಲೋ ಒಡೆಯರನ್ನು ಪೀಡಿಸಲೆಂದೋ ಒಳನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನಡಿ ಶಿಕ್ಷಾರ್ಹ. ಮಣಿನಗರದ ಕಾಂಕರಿಯಾ ಕೆರೆಯ ಬಳಿಯ ಡಚ್ ಗೋರಿಗಳೂ, 1691ರಲ್ಲಿ ತೀರಿಕೊಂಡ ‘ಹಾರ್ಟಸ್ ಮಲಬಾರಿಕಸ್’ ಸಸ್ಯಗ್ರಂಥದ ಡಚ್ ಅಧಿಕಾರಿ ವಾನ್ ರೀಡ್‌ನ ಗೋರಿಯಿರುವ ಸೂರತ್ ಸ್ಮಶಾನವೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಇಲಾಖೆಯ ಅನುಮತಿ ಬೇಕು.