ಮಡಕೆಯ ಮೇಲೆ ಬಣ್ಣ ಬಂದ ಕಥೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದರು. ಸಂಘ ಬೆಳೆದು ಬಂದ ದಾರಿಯನ್ನು ಬರೆಯಲು ನನಗಿಂತ ತಿಳಿದವರು ಇದ್ದಾರೆ. ಎಸ್.ಎಸ್.ಎಲ್.ಸಿ. ಓದಿ ಹೊಗೆಸೊಪ್ಪು ಬೆಳೆಯುವ ನನಗೆ ಹೊಳೆದದ್ದು ಅಟ್ಟದ ಮೇಲಿರುವ ನಮ್ಮಜ್ಜಿಯ ಉಪ್ಪಿನಕಾಯಿ ಜಾಡಿ. ಮೇಲರ್ಧ ಕಂದು, ಕೆಳಗೆ ಹಾಲುಬಿಳಿ. ಇಂಥ ಎರಡು ಬಣ್ಣದ ಜಾಡಿಯನ್ನು ನೀವೆಲ್ಲರೂ ನೋಡಿದ್ದೀರಿ. ಆದರೆ ಅದನ್ನು ಮಾಡಿದವರು ನಮ್ಮೂರ ಕುಂಬಾರರಲ್ಲ. ಯಾಕಲ್ಲ?

ನಮ್ಮವರಿಗೆ ಬಣ್ಣ ಗೊತ್ತಿರಲಿಲ್ಲ ಅಂತ ತಿಳಿಯಬೇಡಿ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಎಂಬ ಅಧಿಕಾರಿ ಭೂಮಿ ಅಗೆಸಿದಾಗ ಎರಡು ಸಾವಿರ ವರ್ಷಕ್ಕೂ ಹಳೆಯ ಮಡಕೆಗಳು ಸಿಕ್ಕವು. ಒಳಗೂ ಬಾಯಂಚೂ ಕಪ್ಪು, ಹೊರಮೈ ಕೆಂಪು. ಒಂದೇ ಮಣ್ಣು, ಒಂದೇ ಬೆಂಕಿ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗಿದ ಕಡೆ ಕೆಂಪಾಗುತ್ತದೆ, ಹೊಗೆ ಕಟ್ಟಿಕೊಂಡ ಕಡೆ ಕಪ್ಪಾಗುತ್ತದೆ. ಅದಾದ ಮೇಲಿನ ಶಾತವಾಹನರ ಕಾಲದ ಮಡಕೆಗಳೂ ಅಲ್ಲೇ ಸಿಕ್ಕಿವೆ. ಅವುಗಳಲ್ಲಿ ಮೊದಲು ಬಿಳಿ ಮಣ್ಣಿನಿಂದ ಗೆರೆ ಎಳೆದು, ಅದರ ಮೇಲೆ ಕಾವಿಯ ತೆಳು ನೀರು ಬಳಿದಿದ್ದಾರೆ. ಒಂದು ಬಣ್ಣದ ಮೇಲೆ ಇನ್ನೊಂದು ಹಾಕಿ ಚೆಂದ ಮಾಡುವ ಬುದ್ಧಿ ಅಷ್ಟು ಹಿಂದೆಯೇ ನಮ್ಮ ನಾಡಿನಲ್ಲಿತ್ತು.

ಆದರೆ ಅದು ಮಣ್ಣಿನ ಬಣ್ಣ. ಜಾಡಿಯ ಮೇಲಿರುವುದು ಗಾಜು. ಇದಕ್ಕೆ ಗ್ಲೇಜು ಅಂತಾರೆ. ಬೆಣಚುಕಲ್ಲಿನ ಪುಡಿ, ಜೇಡಿ, ಸುಣ್ಣ, ಕಲ್ಲನ್ನು ಕರಗಿಸುವ ಬೇರೆ ಖನಿಜಗಳು, ಎಲ್ಲವನ್ನೂ ನೀರಿನಲ್ಲಿ ಅಂಬಲಿಯಂತೆ ಕಲಸಿ ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಬೆಂಕಿಯಲ್ಲಿ ಅದು ಕರಗಿ ಗಾಜಾಗಿ ಮೈಗೆ ಕಚ್ಚಿಕೊಳ್ಳುತ್ತದೆ. ಕಬ್ಬಿಣದ ಕಿಲುಬು ಬೆರೆಸಿದರೆ ಕಂದು, ತಾಮ್ರದ್ದು ಬೆರೆಸಿದರೆ ಹಸಿರು, ಕೋಬಾಲ್ಟ್ ಬೆರೆಸಿದರೆ ನೀಲಿ. ಹಚ್ಚುವಾಗ ಆ ಬಣ್ಣ ಕಾಣುವುದಿಲ್ಲ, ಎಲ್ಲ ಬರೀ ಕೆಸರಿನಂತಿರುತ್ತದೆ. ಒಂದು ಗ್ಲೇಜು ಒಣಗಿದ ಮೇಲೆ ಇನ್ನೊಂದರಲ್ಲಿ ಅರ್ಧ ಅದ್ದಿದರೆ, ಎರಡೂ ಸೇರುವ ಕಡೆ ಒಂದರೊಳಗೊಂದು ಕರಗಿ ಮೂರನೆಯ ಬಣ್ಣ ಹುಟ್ಟುತ್ತದೆ. ಪದರ ದಪ್ಪವಾದರೆ ಬೆಲ್ಲದ ಪಾಕದಂತೆ ಕೆಳಗೆ ಹರಿದು ಪಾತ್ರೆ ಒಲೆಯ ಹಲಗೆಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಪಾದದ ಗ್ಲೇಜನ್ನು ಒರೆಸಿಬಿಡುತ್ತಾರೆ. ಜಾಡಿಯನ್ನು ಬೋರಲು ಮಾಡಿ ನಮ್ಮ ಹೆಣ್ಣುಮಕ್ಕಳು ಚಾಕು ಮಸೆಯುತ್ತಿದ್ದದ್ದು ಆ ಒರಟು ಅಂಚಿನ ಮೇಲೆ!

ಇದಕ್ಕೆ ಸುಮಾರು 1200 ಡಿಗ್ರಿ ಶಾಖ ಬೇಕು. ಸೌದೆ, ಹುಲ್ಲು ಮುಚ್ಚಿ ಸುಡುವ ನಮ್ಮ ಆವಿಗೆ 800ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೆರೆಗೋಡಿನ ಮಣ್ಣೂ ಅಷ್ಟು ಶಾಖ ತಡೆಯದೆ ಸೊಟ್ಟಗಾಗಿ ಕುಸಿಯುತ್ತದೆ. ಸೀಸ ಬೆರೆಸಿದರೆ ಕಡಿಮೆ ಶಾಖಕ್ಕೂ ಗ್ಲೇಜು ಕರಗುತ್ತದೆ ನಿಜ, ಚೀನಾದವರು ಸಾವಿರದ ಇನ್ನೂರು ವರ್ಷದ ಹಿಂದೆಯೇ ಹಾಗೆ ಮೂರು ಬಣ್ಣ ಹರಿಸಿದ್ದರು. ಆದರೆ ಹುಣಸೆಹುಳಿ, ನಿಂಬೆ ಹಾಕಿಟ್ಟರೆ ಸೀಸ ಊಟಕ್ಕೆ ಇಳಿಯುತ್ತದೆ, ವಿಷ. ಇನ್ನೊಂದು ಮಾತು, ನೀರಿನ ಮಡಕೆಗೆ ಗ್ಲೇಜು ಹಾಕಿದರೆ ಅದು ಬೆವರುವುದಿಲ್ಲ, ನೀರೂ ತಣ್ಣಗಾಗುವುದಿಲ್ಲ. ಹಾಗಾಗಿ ನಮ್ಮ ಕುಂಬಾರರು ಹಾಕದೇ ಇದ್ದದ್ದು ದಡ್ಡತನದಿಂದ ಅಲ್ಲ. ಉಪ್ಪಿನಕಾಯಿಗೆ ಮಾತ್ರ ಬರೀ ಮಡಕೆ ಸಾಲದು. ಉಪ್ಪು ಹೊರಮೈಗೆ ಬೆಳ್ಳಗೆ ಹೊಮ್ಮಿ ಮಡಕೆಯನ್ನೇ ತಿನ್ನುತ್ತದೆ.

ನಮ್ಮ ರಾಜ್ಯದಲ್ಲಿ ಬಣ್ಣದ ಗ್ಲೇಜು ನೋಡಬೇಕಾದರೆ ಬೀದರಿಗೆ ಹೋಗಬೇಕು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಆ ಬಿಲ್ಲೆಗಳು ಇನ್ನೂ ಉಳಿದಿವೆ. ಮೈಸೂರು ಸರ್ಕಾರವೂ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ತೆರೆಯಿತು. 1976ರಲ್ಲಿ ಅದು ಬಿ.ಎಚ್.ಇ.ಎಲ್. ಪಾಲಾಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಕರೆಂಟು ಕಂಬದ ಪಿಂಗಾಣಿ. ಕಂಬದ ಮೇಲಿನ ಆ ಕಂದು ಬಣ್ಣಕ್ಕೂ ನಮ್ಮಜ್ಜಿಯ ಜಾಡಿಯ ಕಂದಿಗೂ ಮೂಲ ಒಂದೇ, ಕಬ್ಬಿಣ. ಕುಂಬಾರರ ಕೈಗೆ ಈ ವಿದ್ಯೆ ಕೊಡುವ ಕೆಲಸ ಮಾಡಿದ್ದು ಬೆಳಗಾವಿ ಜಿಲ್ಲೆ ಖಾನಾಪುರದಲ್ಲಿರುವ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ.

ಅಲ್ಲಿಗೆ ನಮ್ಮ ಕಡೆಯಿಂದಲೂ ಒಬ್ಬ ಹೋಗಿದ್ದ. ನನ್ನ ವಯಸ್ಸಿನವನೇ, ಒಟ್ಟಿಗೆ ಶಾಲೆಗೆ ಹೋದವರು. ಅವರಪ್ಪ ಜಾತ್ರೆಗೆ ಗಾಡಿ ತುಂಬ ಮಡಕೆ ತರುತ್ತಿದ್ದರು. ತರಬೇತಿ ಮುಗಿಸಿ ಬಂದವನು ಒಂದು ಲೋಟ ತಂದುಕೊಟ್ಟ. ಬಿಳಿಯ ಮೇಲೆ ಜೇನಿನ ಬಣ್ಣ, ಎರಡೂ ಸೇರುವ ಕಡೆ ನವಿಲುಗರಿಯಂಥ ಎಳೆ. ‘ಇಂಥದ್ದಕ್ಕೆ ಪಟ್ಟಣದಲ್ಲಿ ಗಿರಾಕಿ ಇದಾರೆ ಕಣೋ, ಒಂದು ಒಲೆ ಕಟ್ಟಬೇಕು, ಸಂಘದಿಂದ ಸಾಲ ಕೊಡಿಸ್ತೀಯಾ?’ ಅಂದ.

ನಾನು ಆಗ ತಾನೇ ನಿರ್ದೇಶಕನಾಗಿದ್ದೆ. ಪಹಣಿ ಕೇಳಿದೆವು. ಅವನಿಗೆ ಜಮೀನಿಲ್ಲ, ಇದ್ದದ್ದು ತಿಗರಿ ಒಂದೇ. ಹಾಗಾದರೆ ಇಬ್ಬರು ಜಾಮೀನುದಾರರು ಬೇಕು ಎಂದೆವು. ಒಬ್ಬ ಸಿಕ್ಕಿದ. ಇನ್ನೊಬ್ಬನಾಗಲು ನನ್ನನ್ನೇ ಕೇಳಿದ. ಆ ವರ್ಷ ನನ್ನ ಬ್ಯಾರನ್ನಿನ ಸಾಲ ತೀರಿರಲಿಲ್ಲ. ನೋಡೋಣ ಅಂದೆ. ಎರಡು ಸಲ ಹಾಗೇ ಅಂದೆ. ಮೂರನೇ ಸಲ ಅವನು ಕೇಳಲಿಲ್ಲ. ಬೆಂಗಳೂರಿಗೆ ಹೋಗಿ ಕಟ್ಟಡ ಕೆಲಸಕ್ಕೆ ಸೇರಿಕೊಂಡ. ನೆಲಕ್ಕೆ ಟೈಲ್ಸ್ ಹಾಕುತ್ತಾನಂತೆ, ಅದೂ ಗ್ಲೇಜಿನದೇ. ಸಂಘದ ನಿಯಮ ತಪ್ಪು ಅಂತ ನಾನು ಹೇಳೋದಿಲ್ಲ, ಅದು ಬೆಳೆಸಾಲಕ್ಕೆ ಮಾಡಿದ ನಿಯಮ. ನೋಡೋಣ ಅಂದದ್ದು ಮಾತ್ರ ನಾನು.

2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಅಡವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ. ಇದನ್ನು ಅವನಿಗೆ ಫೋನಿನಲ್ಲಿ ಹೇಳಿದೆ. ‘ಅಪ್ಪನ ತಿಗರಿ ಇನ್ನೂ ಇದೆಯಾ ನೋಡು’ ಅಂದ. ಹೋಗಿ ನೋಡಿದೆ. ಹಿತ್ತಿಲಲ್ಲಿ ಗೋಡೆಗೆ ಒರಗಿಸಿಟ್ಟಿದ್ದಾರೆ, ಮುರಿದಿಲ್ಲ.

ಅವನು ಕೊಟ್ಟ ಲೋಟ ಈಗ ಸಂಘದ ಕಚೇರಿಯ ಮೇಜಿನ ಮೇಲೆ ಪೆನ್ನಿಡಲು ಇದೆ. ಬಂದವರು ತಿರುಗಿಸಿ ನೋಡಿ. ಒಂದು ಕಡೆ ಜೇನುಬಣ್ಣ ಪಾದದ ತನಕ ಹರಿದು, ಇನ್ನೇನು ಅಂಟಬೇಕು ಅನ್ನುವಲ್ಲಿ ನಿಂತಿದೆ.