ಕುದಿಯದ ಉಪ್ಪಿನ ಕುದಿಬಿಂದು

ಯಾವುದೇ ರಾಸಾಯನಿಕದ ಸೇಫ್ಟಿ ಡೇಟಾ ಶೀಟ್ ತೆಗೆದು ನೋಡಿ. ಒಂಬತ್ತನೇ ಭಾಗದಲ್ಲಿ ಕುದಿಬಿಂದು ಅಂತ ಒಂದು ಸಾಲು ಇರುತ್ತೆ. ಅಡುಗೆ ಉಪ್ಪಿನದು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಅಮೋನಿಯಂ ನೈಟ್ರೇಟ್‌ದು? ಹೆಚ್ಚಿನ ಕಡೆ ಸುಮಾರು 210 ಅಂತ ಬರೆದು, ಪಕ್ಕದಲ್ಲಿ ‘ವಿಭಜನೆ’ ಅಂತ ಸೇರಿಸಿರುತ್ತಾರೆ. ಆ ಪಕ್ಕದ ಪದವೇ ನಿಜವಾದ ಮಾಹಿತಿ. ಈ ಲವಣ ಸುಮಾರು 170 ಡಿಗ್ರಿಗೆ ಕರಗುತ್ತೆ, ಆಮೇಲೆ ಕುದಿಯೋದಿಲ್ಲ, ಒಡೆದು ಅನಿಲಗಳಾಗುತ್ತೆ. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದ್ರೆ ಅಲ್ಲಿ ಇರಬೇಕಾದ್ದು ಸಂಖ್ಯೆ ಅಲ್ಲ, ನಲ್.

ಇದು ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ ಅನ್ನೋದಕ್ಕೆ ಚರಿತ್ರೆಯೇ ಸಾಕ್ಷಿ.

ಜರ್ಮನಿಯ ಒಪ್ಪಾವ್‌ನಲ್ಲಿ ಬಿಎಎಸ್‌ಎಫ್ ಕಂಪನಿಯ ಗೊಬ್ಬರದ ಕಾರ್ಖಾನೆ ಇತ್ತು. ಅಲ್ಲಿ ಅಮೋನಿಯಂ ಸಲ್ಫೇಟ್ ಮತ್ತು ನೈಟ್ರೇಟ್ ಬೆರೆಸಿದ ಲವಣ ಗೋದಾಮಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗ್ತಿತ್ತು. ಅದನ್ನು ಸಡಿಲಿಸೋಕೆ ಕೆಲಸಗಾರರು ಏನು ಮಾಡ್ತಿದ್ರು ಗೊತ್ತಾ? ಸಣ್ಣ ಪ್ರಮಾಣದ ಡೈನಮೈಟ್ ಸಿಡಿಸ್ತಿದ್ರು! ಹುಚ್ಚುತನ ಅಲ್ಲ, ನೈಟ್ರೇಟ್ ಶೇ. 60ಕ್ಕಿಂತ ಕಡಿಮೆ ಇದ್ರೆ ಸಿಡಿಯೋದಿಲ್ಲ ಅಂತ ಪರೀಕ್ಷೆಗಳು ಹೇಳಿದ್ದವು. ಸುಮಾರು 20,000 ಸಲ ಏನೂ ಆಗಿರಲಿಲ್ಲ. 1921ರ ಸೆಪ್ಟೆಂಬರ್ 21ರ ಬೆಳಿಗ್ಗೆ ಆಯ್ತು. ಗೋದಾಮಿನಲ್ಲಿದ್ದ ಸುಮಾರು 4,500 ಟನ್‌ನಲ್ಲಿ ಹತ್ತನೇ ಒಂದು ಭಾಗವಷ್ಟೇ ಸಿಡಿದಿದ್ದು ಅಂತ ಅಂದಾಜು. ಸತ್ತವರು 500ಕ್ಕೂ ಹೆಚ್ಚು. ಅಷ್ಟರಲ್ಲಿ ಲವಣ ಒಣಗಿಸುವ ವಿಧಾನ ಬದಲಾಗಿತ್ತು. ಸಾಫ್ಟ್‌ವೇರ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಟೆಸ್ಟ್‌ಗಳು ಪಾಸಾಗಿದ್ದು ಹಳೇ ಬಿಲ್ಡ್‌ನಲ್ಲಿ, ಓಡ್ತಾ ಇದ್ದದ್ದು ಹೊಸದು.

ಮುಂದಿನದು ಅಮೆರಿಕದ ಟೆಕ್ಸಸ್ ಸಿಟಿ ಬಂದರು, 1947ರ ಏಪ್ರಿಲ್ 16. ಗ್ರಾಂಡ್‌ಕ್ಯಾಂಪ್ ಎಂಬ ಹಡಗಿನಲ್ಲಿ ಸುಮಾರು 2,300 ಟನ್ ಅಮೋನಿಯಂ ನೈಟ್ರೇಟ್. ಬೆಳಿಗ್ಗೆ ಹೊಗೆ ಕಂಡಿತು. ನೀರು ಹೊಡೆದ್ರೆ ಸರಕು ಹಾಳಾಗುತ್ತೆ ಅಂತ ಬಾಗಿಲುಗಳನ್ನು ಮುಚ್ಚಿ ಒಳಗೆ ಹಬೆ ಬಿಟ್ಟರು. ಗಾಳಿ ಇಲ್ಲದೆ ಬೆಂಕಿ ಆರಬೇಕು ಅಲ್ವಾ? ಆದರೆ ಈ ಲವಣ ತನ್ನ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತೆ. ಗಾಳಿ ತಡೆದು ಲಾಭವಾಗಲಿಲ್ಲ. ಹಬೆಯಿಂದ ಶಾಖ ಇನ್ನಷ್ಟು ಏರಿತು, ಅನಿಲಕ್ಕೆ ಹೋಗೋಕೆ ದಾರಿ ಇರಲಿಲ್ಲ. 9 ಗಂಟೆ 12 ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು 580 ಜನ ಸತ್ತರು.

ಈಗ ಆ 210ಕ್ಕೆ ವಾಪಸ್ ಬನ್ನಿ. ಅದನ್ನು ಕುದಿಬಿಂದು ಅಂತಲೇ ಓದಿದವನು ‘209ರವರೆಗೆ ಭಯ ಇಲ್ಲ’ ಅಂದುಕೊಳ್ಳಬಹುದು. ಆದರೆ ವಿಭಜನೆ ನೀರು ಕುದಿಯುವ ಹಾಗೆ ಒಂದು ಗೆರೆ ದಾಟಿ ಶುರುವಾಗೋದಿಲ್ಲ. ಎಷ್ಟು ರಾಶಿ ಇದೆ, ಎಷ್ಟು ಬಿಗಿಯಾಗಿ ಮುಚ್ಚಿದೆ, ಎಣ್ಣೆಯೋ ಮರದ ಪುಡಿಯೋ ಬೆರೆತಿದೆಯಾ — ಅಪಾಯ ಇವುಗಳ ಮೇಲೆ ನಿಂತಿದೆ. ಒಂದೇ ಸಂಖ್ಯೆಯಲ್ಲಿ ಇದೆಲ್ಲ ಹಿಡಿಯೋದಿಲ್ಲ.

ನಮ್ಮೂರ ಕಡೆ ಗೊಬ್ಬರದ ಚೀಲ ಅಂದ್ರೆ ಖಾಲಿಯಾದ ಮೇಲೆ ಒಗೆದು ಬೇರೆ ಕೆಲಸಕ್ಕೆ ಇಟ್ಟುಕೊಳ್ಳೋ ವಸ್ತು, ಅಷ್ಟೇ. ಎಲ್ಲ ಗೊಬ್ಬರವೂ ಹೀಗಲ್ಲ, ಯೂರಿಯಾಕ್ಕೆ ಹೆದರಬೇಕಿಲ್ಲ. ಅಮೋನಿಯಂ ನೈಟ್ರೇಟ್‌ಗೆ ಮಾತ್ರ ಭಾರತದಲ್ಲಿ 2012ರಿಂದ ಪ್ರತ್ಯೇಕ ನಿಯಮಗಳಿವೆ. ಬೈರೂತ್ ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ 2020ರ ಆಗಸ್ಟ್ 4ರಂದು ಸಿಡಿದು 200ಕ್ಕೂ ಹೆಚ್ಚು ಜನರನ್ನು ಕೊಂದಿದ್ದನ್ನು ನಾವೆಲ್ಲ ಫೋನಿನಲ್ಲೇ ನೋಡಿದ್ದೀವಿ.

ಹಾಗಾಗಿ ಡೇಟಾ ಶೀಟ್ ಕೈಗೆ ಬಂದ್ರೆ ಒಂಬತ್ತನೇ ಭಾಗದಲ್ಲೇ ನಿಲ್ಲಬೇಡಿ. ಹತ್ತನೇ ಭಾಗ ಓದಿ. ಯಾವುದರ ಜೊತೆ ಇಡಬಾರದು, ಬಿಸಿಯಾದ್ರೆ ಏನಾಗುತ್ತೆ ಅನ್ನೋದು ಅಲ್ಲಿರುತ್ತೆ.