ಕೂಗು ತಲುಪದ ಎತ್ತರ

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟವನ್ನು ಬಾಯಿ ಮುಚ್ಚಿಕೊಂಡು ಹತ್ತುವವರನ್ನು ನಾನು ಕಂಡಿಲ್ಲ. "ಕಂಬಿ ಹಿಡ್ಕೋ", "ಕೋತಿ ಬಂತು, ಬ್ಯಾಗ್ ನೋಡ್ಕೋ" ಎಂದು ಮೇಲಿನವರು ಕೆಳಗಿನವರಿಗೆ ಕೂಗುತ್ತಲೇ ಇರುತ್ತಾರೆ. ಬೆಟ್ಟದಲ್ಲಿ ಎಚ್ಚರಿಕೆಯೆಂದರೆ ಕೂಗು ಎಂದೇ ನಮ್ಮ ನಂಬಿಕೆ. ಹಾಗಾಗಿ ಕಿವಿ ಕೇಳದ ಪರ್ವತಾರೋಹಿಗಳ ಚರಿತ್ರೆ ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಕೂಗು ತಲುಪದಿದ್ದಾಗ ಒಂದೇ ಹಗ್ಗದಲ್ಲಿರುವವರು ಒಬ್ಬರನ್ನೊಬ್ಬರು ಕಾಯುವುದು ಹೇಗೆ?

ಎವರೆಸ್ಟಿನ ಮಟ್ಟಿಗೆ ಈ ಚರಿತ್ರೆ ತೀರಾ ಈಚಿನದು. ತೇನ್‌ಸಿಂಗ್ ಮತ್ತು ಹಿಲರಿ ತುದಿ ಮುಟ್ಟಿದ್ದು 1953ರಲ್ಲಿ. ಕಣ್ಣು ಕಾಣದ ಎರಿಕ್ ವೈಹೆನ್‌ಮೇಯರ್ 2001ರಲ್ಲಿ ಏರಿದರು. ಕಿವಿ ಕೇಳದ ಜಪಾನಿನ ಸತೋಶಿ ತಮುರಾ ಏರಿದ್ದು 2016ರಲ್ಲಿ. 2017ರ ಕೊನೆಗೆ ನೇಪಾಳ ಸರ್ಕಾರ ಅಂಧರನ್ನೂ ಎರಡೂ ಕಾಲಿಲ್ಲದವರನ್ನೂ ಶಿಖರದಿಂದ ದೂರವಿಡುವ ನಿಯಮ ತಂದಿತು. ಮರುವರ್ಷವೇ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಆ ಪಟ್ಟಿಯಲ್ಲಿ ಕಿವುಡರಿರಲಿಲ್ಲ. ಕಿವುಡುತನ ನೋಡುವವರ ಕಣ್ಣಿಗೆ ಬೀಳುವುದಿಲ್ಲವಲ್ಲ!

ಕಷ್ಟ ಕಾಲಿನದಲ್ಲ, ಮಾತಿನದು. ಸನ್ನೆ ಭಾಷೆಗೆ ಬೆಳಕು ಬೇಕು, ಬಿಡುವಾದ ಬೆರಳು ಬೇಕು. ಎವರೆಸ್ಟಿನ ಕೊನೆಯ ಏರು ಸಾಮಾನ್ಯವಾಗಿ ಶುರುವಾಗುವುದೇ ರಾತ್ರಿ. ಬೆರಳುಗಳು ದಪ್ಪ ಕೈಗವಸಿನಲ್ಲಿರುತ್ತವೆ, ಕೈ ಹಗ್ಗ ಹಿಡಿದಿರುತ್ತದೆ. ತುಟಿ ನೋಡಿ ತಿಳಿಯೋಣವೆಂದರೆ ಆಮ್ಲಜನಕದ ಮುಖವಾಡ ಅಡ್ಡ. ಹಣೆಯ ದೀಪ ಎದುರಿನವರ ಕಣ್ಣು ಕುಕ್ಕುತ್ತದೆ. ವಾಕಿಟಾಕಿಯಿಂದ ಪ್ರಯೋಜನವಿಲ್ಲ. ಹಗ್ಗವನ್ನು ಎಷ್ಟು ಸಲ ಎಳೆದರೆ ಏನರ್ಥ, ಭುಜ ತಟ್ಟಿದರೆ ಏನರ್ಥ ಎಂಬುದನ್ನೆಲ್ಲ ಕೆಳಗಿರುವಾಗಲೇ ಗೊತ್ತುಮಾಡಿಕೊಂಡಿರಬೇಕು. ಜೋರು ಗಾಳಿಯಲ್ಲಿ ಕಿವಿ ಚೆನ್ನಾಗಿರುವವರಿಗೂ ಮಾತು ಕೇಳಿಸುವುದಿಲ್ಲ. ಅಲ್ಲಿ ಅವರೂ ನೆಚ್ಚುವುದು ಈ ಹಗ್ಗದ ಭಾಷೆಯನ್ನೇ.

2023ರ ಮೇ ತಿಂಗಳ ಒಂದೇ ವಾರ ಈ ಚರಿತ್ರೆಯ ಎರಡೂ ಮುಖಗಳನ್ನು ತೋರಿಸಿತು. ಮೇ 18ರಂದು ಕಿವಿ ಕೇಳದ ಮಲೇಷ್ಯಾದ ಮುಹಮ್ಮದ್ ಹವಾರಿ ಹಾಶಿಮ್ ಶಿಖರ ಮುಟ್ಟಿದರು. ಮರುದಿನ, ಅಫ್ಘಾನಿಸ್ತಾನದ ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡಿದ್ದ ಹರಿ ಬುಧಾ ಮಗರ್ ಏರಿದರು. ಮೇ 22ರಂದು ಅಮೆರಿಕದ ಕಿವುಡ ಜೋಡಿ ಶೇನಾ ಉಂಗರ್ ಮತ್ತು ಸ್ಕಾಟ್ ಲೆಹ್ಮನ್ ತುದಿ ತಲುಪಿದರು. ಹವಾರಿ ಮಾತ್ರ ಕೆಳಗೆ ಬರಲಿಲ್ಲ. ಇಳಿಯುವ ದಾರಿಯಲ್ಲಿ, ನಾಲ್ಕನೆಯ ಶಿಬಿರದ ಆಸುಪಾಸಿನಲ್ಲಿ ಕಾಣೆಯಾದರು. 33 ವರ್ಷದ, ಹೆಸರು ಹಿಡಿದು ಕೂಗಿ ಹುಡುಕಲಾಗದ ಮನುಷ್ಯ.

ಅವರಿಗೆ ಅಲ್ಲಿ ಏನಾಯಿತೆಂದು ಊಹಿಸುವ ಹಕ್ಕು ನನಗಿಲ್ಲ. ಆದರೆ ಉಂಗರ್ ಮತ್ತು ಲೆಹ್ಮನ್ ಹೋದದ್ದು ಒಂದೇ ಭಾಷೆಯ ಇಬ್ಬರಾಗಿ ಎಂಬುದು ನನಗೆ ಅವರು ತಲುಪಿದ 8,849 ಮೀಟರ್‌ಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ದಾಖಲೆಗಳಲ್ಲಿ ಯಾರು ಮೊದಲು ಏರಿದರೆಂಬುದು ಸಿಗುತ್ತದೆ, ಜೊತೆಗಿದ್ದವರಿಗೆ ಸನ್ನೆ ಬರುತ್ತಿತ್ತೇ ಎಂಬುದು ಸಿಗುವುದಿಲ್ಲ. ನಮ್ಮಲ್ಲೂ ಚಾರಣಕ್ಕೆ ಹೆಸರು ಬರೆಸುವಾಗ ರಕ್ತದ ಗುಂಪು ಕೇಳುವುದುಂಟು. ಅದರ ಪಕ್ಕದಲ್ಲೇ, ನಿಮಗೆ ಯಾವ ಭಾಷೆಯಲ್ಲಿ ಎಚ್ಚರಿಕೆ ಹೇಳಬೇಕು ಎಂದೂ ಕೇಳಬಹುದು.